ಓದುಗರ ಪ್ರಶ್ನೆ: ಟೆಕ್ಸಾಸ್ ಅಮೆರಿಕಕ್ಕೆ ಸೇರಿದ್ದು ಹೇಗೆ?

ಪ್ರಶ್ನೆ: ಮಗಳ ಸಂಸಾರ ಆಸ್ಟಿನ್‌ನಲ್ಲಿದೆ. ಟೆಕ್ಸಾಸ್ ಮೊದಲು ಬೇರೆಯೇ ದೇಶವಾಗಿತ್ತಂತೆ, ನಿಜವೇ? ಯಾವ ಒಪ್ಪಂದದಿಂದ ಅಮೆರಿಕಕ್ಕೆ ಸೇರಿತು?

ಉತ್ತರ: ದೇಶವಾಗಿದ್ದುದು ನಿಜ. ಮೆಕ್ಸಿಕೋದಿಂದ ಬಿಡಿಸಿಕೊಂಡು 1836ರ ಮಾರ್ಚ್ 2ರಂದು ಸ್ವಾತಂತ್ರ್ಯ ಸಾರಿಕೊಂಡ ಗಣರಾಜ್ಯ ಹೆಚ್ಚುಕಡಿಮೆ ಹತ್ತು ವರ್ಷ ಬಾಳಿತು. ಆದರೆ ಅದು ಅಮೆರಿಕಕ್ಕೆ ಸೇರಿದ್ದು ಒಪ್ಪಂದದಿಂದಲ್ಲ. ಒಪ್ಪಂದವೊಂದು ಆಗಿತ್ತು, ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಬಿದ್ದುಹೋಯಿತು.

ಸೇರಬೇಕೆಂಬ ಆಸೆ ಟೆಕ್ಸಾಸ್‌ಗೆ ಮೊದಲಿನಿಂದಲೂ ಇತ್ತು. 1836ರ ಸೆಪ್ಟೆಂಬರ್‌ನಲ್ಲೇ ಜನ ಅದರ ಪರವಾಗಿ ಮತ ಹಾಕಿದ್ದರು. ಹಿಂಜರಿದದ್ದು ಅಮೆರಿಕ. ಸೇರಿಸಿಕೊಂಡರೆ ಮೆಕ್ಸಿಕೋ ಜೊತೆ ಯುದ್ಧ ಬರುತ್ತದೆ, ಗುಲಾಮಗಿರಿಯಿರುವ ರಾಜ್ಯಗಳ ಬಲ ಹೆಚ್ಚುತ್ತದೆ ಎಂಬ ಎರಡು ಭಯ ಅದಕ್ಕಿತ್ತು. ಅಧ್ಯಕ್ಷ ಜಾನ್ ಟೈಲರ್ 1844ರ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿದರು. ಅಂಥ ಒಪ್ಪಂದಕ್ಕೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಜೂನ್ 8ರಂದು ಪರವಾಗಿ ಬಿದ್ದದ್ದು 16 ಮತ, ವಿರುದ್ಧ 35.

ಆಗ ಹೊಸ ದಾರಿ ಹುಡುಕಿದರು. ಹೊಸ ರಾಜ್ಯಗಳನ್ನು ಸೇರಿಸಿಕೊಳ್ಳುವ ಅಧಿಕಾರವನ್ನು ಸಂವಿಧಾನ ಸಂಸತ್ತಿಗೆ, ಅಂದರೆ ಕಾಂಗ್ರೆಸ್‌ಗೆ ಕೊಟ್ಟಿದೆ, ಹಾಗಾಗಿ ಎರಡೂ ಸದನಗಳ ಜಂಟಿ ನಿರ್ಣಯ ಸಾಕು ಎಂಬ ವಾದ. ಅದಕ್ಕೆ ಸರಳ ಬಹುಮತ ಸಾಲುತ್ತದೆ. ಸೇರ್ಪಡೆಯ ಪರ ಪ್ರಚಾರ ಮಾಡಿದ ಜೇಮ್ಸ್ ಪೋಕ್ 1844ರ ಅಧ್ಯಕ್ಷ ಚುನಾವಣೆ ಗೆದ್ದದ್ದೂ ಅನುಕೂಲವಾಯಿತು. 1845ರ ಫೆಬ್ರವರಿ 27ರಂದು ಸೆನೆಟ್ 27–25ರಿಂದ ನಿರ್ಣಯ ಅಂಗೀಕರಿಸಿತು. ಎರಡೇ ಮತಗಳ ಅಂತರ! ಮಾರ್ಚ್ 1ರಂದು, ಅಧಿಕಾರ ಬಿಡಲು ಮೂರೇ ದಿನ ಇರುವಾಗ, ಟೈಲರ್ ಸಹಿ ಹಾಕಿದರು. ಬಾಗಿಲಲ್ಲಿ ಸಿಗದಿದ್ದುದನ್ನು ಕಿಟಕಿಯಿಂದ ತಂದರು ಎಂದು ವಿರೋಧಿಗಳಿಗೆ ಅನಿಸಿದ್ದರೆ ತಪ್ಪೇನಿಲ್ಲ.

ಉಳಿದ ಕೆಲಸ ಟೆಕ್ಸಾಸ್‌ನದು. ಅಮೆರಿಕಕ್ಕೆ ಸೇರದಿದ್ದರೆ ಸ್ವತಂತ್ರ ದೇಶವೆಂದು ಮಾನ್ಯತೆ ಕೊಡುತ್ತೇವೆಂದು ಮೆಕ್ಸಿಕೋ ಕೂಡ ಪ್ರಸ್ತಾಪ ಮುಂದಿಟ್ಟಿತು. ಟೆಕ್ಸಾಸ್ ಕಾಂಗ್ರೆಸ್ ಅದನ್ನು ತಳ್ಳಿಹಾಕಿತು. ಜುಲೈ 4ರಂದು ಆಸ್ಟಿನ್‌ನಲ್ಲಿ ಸೇರಿದ ಪ್ರತಿನಿಧಿಗಳ ಸಭೆ 55–1ರಿಂದ ಸೇರ್ಪಡೆಗೆ ಒಪ್ಪಿ, ರಾಜ್ಯದ ಸಂವಿಧಾನ ಬರೆಯಿತು. ಅಕ್ಟೋಬರ್ 13ರಂದು ಜನ ಮತ ಹಾಕಿ ಅದನ್ನು ಒಪ್ಪಿದರು. ರಾಜ್ಯವಾಗಿ ಸೇರಿಸಿಕೊಳ್ಳುವ ನಿರ್ಣಯಕ್ಕೆ ಡಿಸೆಂಬರ್ 29ರಂದು ಪೋಕ್ ಸಹಿಯಾಯಿತು. ಆಡಳಿತ ಕೈಬದಲಾದದ್ದು ಮಾತ್ರ 1846ರ ಫೆಬ್ರವರಿ 19ರಂದು. ಹೀಗಾಗಿ 'ಸೇರಿದ ದಿನ' ಯಾವುದು ಎಂದರೆ ಪುಸ್ತಕಗಳು ಒಂದೊಂದು ತಾರೀಖು ಹೇಳುತ್ತವೆ.

ಪ್ರಶ್ನೆ: ಆ ದೇಶದ ಸಾಲ ಯಾರ ತಲೆಗೆ ಬಂತು?

ಉತ್ತರ: ಸಾಲವೂ ನಿಮ್ಮದೇ, ಸರ್ಕಾರಿ ಜಮೀನೂ ನಿಮ್ಮದೇ ಎಂಬುದು ಸೇರ್ಪಡೆಯ ನಿರ್ಣಯ ಟೆಕ್ಸಾಸ್‌ಗೆ ಹಾಕಿದ ಷರತ್ತು. ಎಡವಟ್ಟಾದದ್ದು ಸುಂಕದ ವಿಷಯದಲ್ಲಿ. ಗಣರಾಜ್ಯವಾಗಿದ್ದಾಗ ಟೆಕ್ಸಾಸ್ ಬಂದರು ಸುಂಕದ ಆದಾಯವನ್ನೇ ಆಧಾರವಿಟ್ಟು ಸಾಲ ಎತ್ತಿತ್ತು. ಸೇರ್ಪಡೆಯಾದ ಮೇಲೆ ಸುಂಕ ಕೇಂದ್ರಕ್ಕೆ ಹೋಯಿತು, ಸಾಲ ರಾಜ್ಯದಲ್ಲೇ ಉಳಿಯಿತು. ಆಧಾರ ನಿಮ್ಮ ಹತ್ತಿರ ಇದೆ, ನೀವೇ ತೀರಿಸಿ ಎಂದು ಸಾಲ ಕೊಟ್ಟವರು ವಾಷಿಂಗ್ಟನ್ ಬೆನ್ನು ಬಿದ್ದರು. 1850ರಲ್ಲಿ ಟೆಕ್ಸಾಸ್ ಪಶ್ಚಿಮ, ಉತ್ತರದ ವಿವಾದಿತ ನೆಲದ ಹಕ್ಕು ಬಿಟ್ಟುಕೊಟ್ಟು 1 ಕೋಟಿ ಡಾಲರ್ ಬಾಂಡ್ ಪಡೆಯಿತು. ಅದರಲ್ಲೂ ಅರ್ಧವನ್ನು ಕೇಂದ್ರ ಕೈಯಲ್ಲೇ ಹಿಡಿದಿಟ್ಟುಕೊಂಡಿತು: ಸುಂಕದ ಆಧಾರದ ಮೇಲೆ ಸಾಲ ಕೊಟ್ಟವರು ಕೇಂದ್ರದ ಮೇಲೆ ಯಾವ ಹಕ್ಕೂ ಇಲ್ಲವೆಂದು ಬರೆದುಕೊಡುವವರೆಗೆ.

ಪ್ರಶ್ನೆ: ಟೆಕ್ಸಾಸ್ ಬೇಕಾದಾಗ ಹೊರಹೋಗಬಹುದಂತೆ?

ಉತ್ತರ: ಇಲ್ಲ. ಒಂದು ರಾಜ್ಯ ತಾನಾಗಿ ಹೊರಬರುವಂತಿಲ್ಲ ಎಂದು 1869ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಟೆಕ್ಸಾಸ್‌ನದೇ ಮೊಕದ್ದಮೆಯಲ್ಲಿ. ನಿರ್ಣಯದಲ್ಲಿ ಇದ್ದದ್ದು ಬೇರೆ ಮಾತು: ಟೆಕ್ಸಾಸ್ ಒಪ್ಪಿದರೆ ಅದರ ನೆಲದಲ್ಲಿ ಇನ್ನೂ ನಾಲ್ಕು ರಾಜ್ಯಗಳಾಗಬಹುದು. 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಹುಟ್ಟುವ ರಾಜ್ಯದಲ್ಲಿ ಗುಲಾಮಗಿರಿ ಇರಕೂಡದು ಎಂದೂ ಇತ್ತು. ನಕ್ಷೆಯಲ್ಲಿ ಟೆಕ್ಸಾಸ್‌ನ ನೆತ್ತಿ ನೇರ ಗೆರೆ ಎಳೆದಂತೆ ಕಾಣುವುದು ಅದೇ ಅಕ್ಷಾಂಶದಲ್ಲಿ. ಅದರ ಮೇಲಿನ ಪಟ್ಟಿಯನ್ನು 1850ರಲ್ಲಿ ಬಿಟ್ಟುಕೊಟ್ಟರು. ಇಂದು ಅದರಲ್ಲೊಂದು ಭಾಗ ಒಕ್ಲಹೋಮಾದ ಹಿಡಿಕೆಯಂತೆ ಚಾಚಿಕೊಂಡಿದೆ.