ಎರಡು ವರ್ಷವಾದರೂ ಹಳದಿ ಬೆಲ್ಟೇ, ಕ್ಲಾಸ್ ಬದಲಿಸಬೇಕಾ?

ಪ್ರಶ್ನೆ: ಸರ್, ನನ್ನ ಮಗಳಿಗೆ 9 ವರ್ಷ. ಹಾಸನದಲ್ಲಿ ಎರಡು ವರ್ಷದಿಂದ ಕರಾಟೆ ಕಲಿಯುತ್ತಿದ್ದಾಳೆ, ಇನ್ನೂ ಹಳದಿ ಬೆಲ್ಟ್. ಚಿಕ್ಕಮಗಳೂರಿನಲ್ಲಿರುವ ನಮ್ಮಕ್ಕನ ಮಗ ಅದೇ ಸಮಯಕ್ಕೆ ಸೇರಿದವನು, ಆಗಲೇ ಬ್ರೌನ್ ಬೆಲ್ಟ್. ಮನೆಯವರೆಲ್ಲ ಹೋಲಿಸುತ್ತಾರೆ. ಕ್ಲಾಸ್ ಬದಲಿಸಲಾ?

ಉತ್ತರ: ಬರೀ ಬೆಲ್ಟ್ ನೋಡಿ ಬದಲಿಸಬೇಡಿ, ಮೇಡಂ. ಅವರಿಬ್ಬರ ಬೆಲ್ಟ್‌ಗಳನ್ನು ಹೋಲಿಸಲು ಬರುವುದೇ ಇಲ್ಲ. ಕರಾಟೆಯಲ್ಲಿ ಶೋಟೋಕಾನ್, ಗೋಜು ರ್ಯು, ಶಿಟೋ ರ್ಯು ಅಂತ ಬೇರೆ ಬೇರೆ ಶೈಲಿಗಳಿವೆ, ಒಂದೊಂದು ಶೈಲಿಯಲ್ಲೂ ಹಲವು ಸಂಘಗಳಿವೆ. ಎಷ್ಟು ಬಣ್ಣ, ಯಾವುದಾದ ಮೇಲೆ ಯಾವುದು, ಯಾವ ಬೆಲ್ಟ್‌ಗೆ ಯಾವ ಕಟಾ (ಒಬ್ಬರೇ ಕ್ರಮವಾಗಿ ಮಾಡಿ ತೋರಿಸುವ ಹೊಡೆತ, ತಡೆಗಳ ಸರಣಿ) ಬರಬೇಕು ಎಲ್ಲವನ್ನೂ ಆಯಾ ಸಂಘವೇ ತೀರ್ಮಾನಿಸುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಈ ಬಣ್ಣ ಲೆಕ್ಕಕ್ಕೇ ಬರುವುದಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಕರಾಟೆಯಲ್ಲಿ ಒಬ್ಬರು ಕೆಂಪು, ಎದುರಿನವರು ನೀಲಿ ಕಟ್ಟಿದ್ದರು, ಅಷ್ಟೇ.

ಬೆಲ್ಟ್ ಬಂದದ್ದು ಜೂಡೋದಿಂದ. 1880ರ ದಶಕದಲ್ಲಿ ಜಪಾನಿನ ಜಿಗೊರೋ ಕಾನೋ ಶಿಷ್ಯರಿಗೆ ದರ್ಜೆ ಕೊಡಲು ಶುರು ಮಾಡಿದರು, ಮುಂದೆ ಕಪ್ಪು ಬೆಲ್ಟ್ ಬಂತು. ಕರಾಟೆಯಲ್ಲಿ, ಅದನ್ನು ಜಪಾನಿನಲ್ಲಿ ಹರಡಿದ ಗುರು ಫುನಾಕೋಶಿ 1924ರಲ್ಲಿ ಮೊದಲ ಸಲ ಬ್ಲ್ಯಾಕ್ ಬೆಲ್ಟ್ ಕೊಟ್ಟರು. ನಡುವಿನ ಬಣ್ಣಗಳನ್ನು ಜಾಸ್ತಿ ಬಳಕೆಗೆ ತಂದವರು 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೋ ಕಲಿಸುತ್ತಿದ್ದ ಕವಾಯಿಶಿ. ಕಪ್ಪು ಬೆಲ್ಟ್‌ಗೆ ವರ್ಷಗಟ್ಟಲೆ ಕಾಯಬೇಕಾದ ವಿದ್ಯಾರ್ಥಿಗಳಿಗೆ ನಡುನಡುವೆ ಒಂದೊಂದು ಗುರಿ ಸಿಕ್ಕಿತು. ಮಕ್ಕಳಿಗೆ ಇದು ತುಂಬಾ ಮುಖ್ಯ, ಸುಮ್ನೆ ಬಟ್ಟೆ ಅಂತ ತಳ್ಳಿಹಾಕಬೇಡಿ.

ಹಾಗಾಗಿ ಎರಡು ವರ್ಷ ಒಂದೇ ಹಳದಿಯಲ್ಲಿ ನಿಂತಿದ್ದರೆ ಕಾರಣ ಕೇಳಲೇಬೇಕು. ಪರೀಕ್ಷೆಗೆ ಕೂರಲಿಲ್ಲವಾ, ಕ್ಲಾಸ್ ತಪ್ಪಿಸಿದಳಾ, ಅಥವಾ ಮಾಸ್ಟರ್‌ಗೇ ಇನ್ನೂ ತೃಪ್ತಿ ಇಲ್ಲವಾ? ಒಂದು ಸಂಜೆ ಹೋಗಿ ಕೂತು ನೋಡಿ. ಗುದ್ದುವಾಗ ಇನ್ನೊಂದು ಕೈ ಸೊಂಟಕ್ಕೆ ವಾಪಸ್ ಬರುತ್ತಾ, ಕಾಲು ಗಟ್ಟಿಯಾಗಿ ಊರುತ್ತಾಳಾ, ಪಕ್ಕದವರನ್ನು ನೋಡದೆ ತನ್ನ ಕಟಾ ಪೂರ್ತಿ ಮಾಡುತ್ತಾಳಾ, ಕುಮಿಟೆಯಲ್ಲಿ, ಅಂದರೆ ಇಬ್ಬರು ಎದುರುಬದುರು ಆಡುವಾಗ, ಎದುರಿನವಳಿಗೆ ಪೆಟ್ಟಾಗದಂತೆ ಕೈ ತಡೆಯುತ್ತಾಳಾ? ಇಷ್ಟು ಇದ್ದರೆ ನಿಮ್ಮ ಮಗಳು ಚೆನ್ನಾಗಿಯೇ ಕಲಿಯುತ್ತಿದ್ದಾಳೆ. ನನಗಂತೂ ಅವಸರದ ಬ್ರೌನ್‌ಗಿಂತ ಇಂಥ ಹಳದಿಯೇ ಇಷ್ಟ. ಅಕ್ಕನ ಮಗನ ಬಗ್ಗೆ ನಾನು ಹೇಳುವ ಹಾಗಿಲ್ಲ, ಅವನ ಆಟ ನೋಡಿಲ್ಲ.

ಆಮೇಲೆ ಮಾಸ್ಟರ್ ಹತ್ತಿರ ನೇರವಾಗಿ ಕೇಳಿ: ಮುಂದಿನ ಬೆಲ್ಟ್‌ಗೆ ಇವಳು ಇನ್ನೂ ಏನು ಸರಿಮಾಡಿಕೊಳ್ಳಬೇಕು? ಒಳ್ಳೆಯ ಮಾಸ್ಟರ್ ಅಲ್ಲೇ ಎರಡು ವಿಷಯ ತೋರಿಸುತ್ತಾರೆ. ಅದು ಬಿಟ್ಟು ಪರೀಕ್ಷೆ ಫೀಸಿನ ಮಾತಷ್ಟೇ ಬಂದರೆ, ಆಗ ಬೇರೆ ಕ್ಲಾಸ್ ಹುಡುಕಿ.