ಫ್ರೆಂಚ್‌ನಲ್ಲಿ ಹಾಡಿದ ಕೌಬಾಯ್ ವಿಲ್ಲಿ ಲಾಮೊತ್

ಕಂಟ್ರಿ ಮ್ಯೂಸಿಕ್ (ಅಮೆರಿಕದ ಹಳ್ಳಿಗಾಡಿನ, ಕೌಬಾಯ್ ಶೈಲಿಯ ಸಂಗೀತ) ಅಂದ್ರೆ ಇಂಗ್ಲಿಷ್ ಹಾಡೇ ಅಲ್ವಾ, ಫ್ರೆಂಚ್‌ನಲ್ಲಿ ಹಾಡಿದವರು ಯಾರಾದ್ರೂ ಇದ್ದಾರಾ ಅಂತ ಕೇಳಿದ್ದೀರಿ. ಇದ್ದಾರೆ. ಆದರೆ ಫ್ರಾನ್ಸಿನಲ್ಲಿ ಹುಡುಕಬೇಡಿ, ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಪ್ರಾಂತ್ಯ ಕ್ವಿಬೆಕ್‌ನಲ್ಲಿ ಹುಡುಕಿ.

ನನಗೆ ಪರಿಚಯವಾದದ್ದು ಅಲ್ಲಿನ ಹಾಡುಗಾರ ವಿಲ್ಲಿ ಲಾಮೊತ್. ಫ್ರೆಂಚ್ ಕಲಿಯುವಾಗ ಅವರ 'ಮಿಲ್ ಆಪ್ರೆ ಮಿಲ್' ಕೇಳಿದೆ. 'ಮಿಲ್' ಅಂದ್ರೆ ಸಾವಿರ ಅಂತ ಪಾಠದಲ್ಲಿ ಓದಿದ್ದೆ. ಸಾವಿರದ ಮೇಲೆ ಸಾವಿರ, ಯಾರೋ ದುಡ್ಡು ಎಣಿಸುತ್ತಿದ್ದಾನೆ ಅಂದುಕೊಂಡೆ! ಕ್ವಿಬೆಕ್‌ನಲ್ಲಿ ಮೈಲಿಗೂ ಅದೇ ಪದ. ಅದು ಮನೆ ಬಿಟ್ಟು ಮೈಲಿಗಟ್ಟಲೆ ದಾರಿ ಸವೆಸುವವನ ಬೇಸರದ ಹಾಡು. ಬರೆದದ್ದು ಜೆರಾಲ್ಡ್ ಜೋಲಿ. ಕೆನಡಾ ಕಿಲೋಮೀಟರಿಗೆ ಬದಲಾಗಿ ಎಷ್ಟೋ ವರ್ಷವಾಯಿತು, ಹಾಡು ಮಾತ್ರ ಇನ್ನೂ ಮೈಲಿಯಲ್ಲೇ ಇದೆ.

ಲಾಮೊತ್ ಹುಟ್ಟಿದ್ದು 1920ರಲ್ಲಿ, ಸೇಂಟ್-ಯೂಗ್ ಅನ್ನೋ ಹಳ್ಳಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದರು. 1946ರಲ್ಲಿ ಬಂದ 'ಜ ಶಾಂತ್ ಅ ಶೆವಾಲ್', ಅಂದರೆ 'ಕುದುರೆ ಮೇಲೆ ಕೂತು ಹಾಡ್ತೀನಿ', ಅವರಿಗೆ ಹೆಸರು ತಂದಿತು. ಮಗನ ಮೇಲೂ ಒಂದು ಹಾಡು ಕಟ್ಟಿದರು, 'ಆಲೊ ಆಲೊ ಪ್ತಿ ಮಿಶೆಲ್'. ಆ ಪುಟ್ಟ ಮಿಶೆಲ್ ದೊಡ್ಡವನಾಗಿ ಆಫನ್‌ಬಾಕ್ ಅನ್ನೋ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಹಿಡಿದ. ಅಪ್ಪನಿಗೆ ಕುದುರೆ, ಮಗನಿಗೆ ರಾಕ್!

ಹಾಗಂತ ಫ್ರೆಂಚ್‌ನಲ್ಲಿ ಹೀಗೆ ಹಾಡಿದವರಲ್ಲಿ ಲಾಮೊತ್ ಅವರೇ ಮೊದಲಿಗರು ಅಂತ ನಾನು ಹೇಳಲ್ಲ. 'ಸಿಪಾಯಿ ಲೆಬ್ರಂ' ಅಂತಲೇ ಹೆಸರಾದ ರೋಲಾಂಡ್ ಲೆಬ್ರಂ ಯುದ್ಧದ ದಿನಗಳಲ್ಲೇ ಗಿಟಾರ್ ಹಿಡಿದು ರೆಕಾರ್ಡ್ ಮಾಡಿದ್ದರು. ಲೆಬ್ರಂ ಹಾಡಲ್ಲಿ ಅಗಲಿಕೆಯ ನೋವು ಜಾಸ್ತಿ. ಲಾಮೊತ್ ಜನರನ್ನು ನಗಿಸೋ ಮನುಷ್ಯ. 1970ರಲ್ಲಿ ಶುರುವಾದ 'ಲ ರಾಂಚ್ ಅ ವಿಲ್ಲಿ' ಅನ್ನೋ ಟಿವಿ ಕಾರ್ಯಕ್ರಮ ಅವರನ್ನು ಮನೆಮನೆಗೆ ತಲುಪಿಸಿತು. ಪಕ್ಕದಲ್ಲಿ ಗಿಟಾರ್ ಹಿಡಿದು ಬಾಬಿ ಹಾಶೆ. ನಿರ್ದೇಶಕ ಜಿಲ್ ಕಾರ್ಲ್ ಅವರ ಸಿನಿಮಾಗಳಲ್ಲೂ ಲಾಮೊತ್ ನಟಿಸಿದರು. ಓದಿದ ಮಂದಿ ಈ ಸಂಗೀತವನ್ನು ಹಳ್ಳಿಗಾಡಿನದ್ದು ಅಂತ ಮೂಗು ಮುರಿಯುತ್ತಿದ್ದ ಕಾಲ ಅದು. 70ರ ದಶಕದ ಕೊನೆಗೆ ಲಕ್ವ ಹೊಡೆದು ಹಾಡುವುದು ನಿಂತಿತು. 1992ರಲ್ಲಿ ತೀರಿಕೊಂಡರು.

ಸುಮ್ನೆ 'ಮಿಲ್ ಆಪ್ರೆ ಮಿಲ್' ಇಂದ ಶುರು ಮಾಡಿ. ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಇನ್ನೂ ಒಳ್ಳೆಯದು.