ಹತ್ತು ದಿನದಲ್ಲಿ ಮನೆ ಖಾಲಿ ಮಾಡಿ ಅಂದರೆ ಮಾಡಲೇಬೇಕಾ?

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ: ಬೆಂಗಳೂರಿನಲ್ಲಿ ತಿಂಗಳಿಗೆ 14,000 ರೂಪಾಯಿ ಬಾಡಿಗೆ. ಅಗ್ರಿಮೆಂಟ್ ಅಮ್ಮನ ಹೆಸರಲ್ಲಿದೆ. ಅದರ 11 ತಿಂಗಳು ಮುಗಿದು ತುಂಬಾ ದಿನವಾಗಿದೆ, ಆದರೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಲೇ ಬಂದಿದ್ದಾರೆ. ಈಗ ಹತ್ತು ದಿನದಲ್ಲಿ ಖಾಲಿ ಮಾಡಿ, ಇಲ್ಲದಿದ್ದರೆ ನೀರು ನಿಲ್ಲಿಸಿ ಬೀಗ ಹಾಕುತ್ತೇನೆ ಅನ್ನುತ್ತಿದ್ದಾರೆ.

ನಾನು ಇಲ್ಲಿನ ಸಿವಿಲ್ ಕೋರ್ಟುಗಳಲ್ಲಿ ಕೆಲಸ ಮಾಡುವ ವಕೀಲೆ. ಧೈರ್ಯವಾಗಿರಿ. ಬೀಗ ಹಾಕುವ ಅಧಿಕಾರ ಅವರಿಗಿಲ್ಲ. ಮನೆ ಅವರದೇ, ನಿಜ. ಆದರೆ ಒಳಗೆ ವಾಸವಿರುವವರು ಒಪ್ಪದಿದ್ದರೆ ಕೋರ್ಟಿನ ಆದೇಶ ತಂದೇ ಬಿಡಿಸಬೇಕು. ಕರಾರಿನ ಅವಧಿ ಮುಗಿದಿದ್ದರೂ ಬಲವಂತವಾಗಿ ಹೊರಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಪೊಲೀಸರಿಗೂ ತಾವಾಗಿಯೇ ಮನೆ ಖಾಲಿ ಮಾಡಿಸುವ ಅಧಿಕಾರವಿಲ್ಲ.

ಬಾಡಿಗೆ ಕಾಯ್ದೆ ನಮ್ಮನ್ನು ಕಾಪಾಡುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಈಗ ಆ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತದೆ, ಹೇಳಿ? ಆ ಮಿತಿಯನ್ನು ಹಾಗೇ ಬಿಟ್ಟಿರುವುದು ಬಾಡಿಗೆದಾರರಿಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನಿಮ್ಮಂಥವರಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅವಧಿ ಮುಗಿದ ಮೇಲೂ ಒಪ್ಪಿ ಬಾಡಿಗೆ ತೆಗೆದುಕೊಂಡಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ. ಅದನ್ನು ಮುಗಿಸಲು, ಅಗ್ರಿಮೆಂಟಲ್ಲಿ ಬೇರೆ ಮಾತಿಲ್ಲದಿದ್ದರೆ, 15 ದಿನದ ಲಿಖಿತ ನೋಟಿಸ್ ಕೊಡಬೇಕು. ಬಾಯಿಮಾತು ಸಾಲದು. ನೋಟಿಸಿನ ದಿನ ಮುಗಿದ ಮೇಲೂ ನೀವು ಹೋಗದಿದ್ದರೆ ಅವರು ಕೇಸ್ ಹಾಕಬೇಕು. ಹಾಗಂತ ಎಷ್ಟು ವರ್ಷ ಬೇಕಾದರೂ ಇರಬಹುದು ಅಂದುಕೊಳ್ಳಬೇಡಿ. ನೋಟಿಸ್ ಸರಿಯಾಗಿದ್ದರೆ ಕೊನೆಗೆ ಬಿಡಲೇಬೇಕಾಗುತ್ತದೆ, ನೋಟಿಸಿನ ನಂತರದ ದಿನಗಳಿಗೆ ನಷ್ಟ ತುಂಬಿಕೊಡಿ ಎಂದು ಕೋರ್ಟ್ ಹೇಳಲೂಬಹುದು. ನಿಮಗೆ ಸಿಗುವುದು ಮರ್ಯಾದೆಯಿಂದ ಬೇರೆ ಮನೆ ಹುಡುಕಿಕೊಳ್ಳುವಷ್ಟು ಸಮಯ.

ಈ ನಡುವೆ ಬಾಡಿಗೆ ಒಂದು ತಿಂಗಳೂ ನಿಲ್ಲಿಸಬೇಡಿ. ಬ್ಯಾಂಕ್ ಖಾತೆಗೇ ಹಾಕಿ, ದಾಖಲೆ ಇರುತ್ತದೆ. ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅನ್ನುವುದು ನಮ್ಮೂರಲ್ಲಿ ರೂಢಿ. ಆದರೆ ಜಗಳ ಶುರುವಾದ ಮೇಲೆ ಅದು ಬಾಡಿಗೆ ಬಾಕಿ ಎಂದೇ ಕೋರ್ಟಿಗೆ ಹೋಗುತ್ತದೆ. ಓನರ್ ಬೆದರಿಸಿದ ಮೆಸೇಜುಗಳನ್ನು ಅಳಿಸಬೇಡಿ. ಫೋನಲ್ಲಿ ಹೇಳಿದ್ದನ್ನು, "ನೀವು ಇವತ್ತು ನೀರು ನಿಲ್ಲಿಸುತ್ತೇನೆ ಅಂದಿರಿ" ಎಂದು ನೀವೇ ವಾಟ್ಸಾಪಲ್ಲಿ ಬರೆದು ಕಳಿಸಿ. ಅಡ್ವಾನ್ಸ್ ಕೈಗೆ ಬರುವ ಮುಂಚೆ ಓನರ್ ಕೊಡುವ ಯಾವ ಕಾಗದಕ್ಕೂ ಅಮ್ಮ ಸಹಿ ಹಾಕುವುದು ಬೇಡ. ಬೀಗದ ಕೈಯನ್ನೂ ಕೊಡಬೇಡಿ.

ನೀರು, ಕರೆಂಟು ನಿಲ್ಲಿಸಿದರೆ ಅಥವಾ ಬೀಗ ಹಾಕಲು ಬಂದರೆ 112ಕ್ಕೆ ಫೋನ್ ಮಾಡಿ. ಆಮೇಲೆ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ. "ಇದು ಸಿವಿಲ್ ಮ್ಯಾಟರ್" ಎಂದು ವಾಪಸ್ ಕಳಿಸಲು ನೋಡಬಹುದು. ಮನೆ ಬಿಡಿಸುವುದು ಸಿವಿಲ್ ವಿಷಯ ಸರಿ, ಬೆದರಿಕೆ ಹಾಕುವುದು ಅಪರಾಧ ಎಂದು ಸಮಾಧಾನವಾಗಿಯೇ ಹೇಳಿ. ಜೊತೆಗೆ ಸಿವಿಲ್ ಕೋರ್ಟಲ್ಲಿ ತಡೆಯಾಜ್ಞೆ ಕೇಳಬಹುದು. ಅಕಸ್ಮಾತ್ ಹೊರಗೆ ಹಾಕಿಬಿಟ್ಟರೂ ದಾರಿ ಮುಚ್ಚುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹಾಕಿ ಮನೆಯ ಸ್ವಾಧೀನ ವಾಪಸ್ ಪಡೆಯಬಹುದು. ಅಲ್ಲಿ ಮನೆ ಯಾರದ್ದು ಅನ್ನುವ ಚರ್ಚೆ ಬರುವುದಿಲ್ಲ. ಆದರೆ 6 ತಿಂಗಳ ಒಳಗೆ ಹಾಕಬೇಕು, ಇದನ್ನು ಮರೆಯಬೇಡಿ.

ವಕೀಲರ ಫೀಸಿಗೆ ದುಡ್ಡಿಲ್ಲ ಅಂದಿದ್ದೀರಿ. ಅಗ್ರಿಮೆಂಟ್ ಅಮ್ಮನ ಹೆಸರಲ್ಲಿರುವುದು ಇಲ್ಲಿ ನಿಮಗೆ ಅನುಕೂಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೂ ಹಾಗೇ. 15100ಕ್ಕೆ ಫೋನ್ ಮಾಡಿ, ಅಥವಾ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಆಧಾರ್, ಅಗ್ರಿಮೆಂಟ್, ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಯಲ್ಲಿರಲಿ. ಅರ್ಜಿಗೆ ಸಹಿ ಹಾಕಬೇಕಾದವರು ಅಮ್ಮ, ಹಾಗಾಗಿ ಅವರನ್ನೂ ಕರೆದುಕೊಂಡೇ ಹೋಗಿ.